ಅಂಚಿನವರೆಗೂ ಬಣ್ಣ: ಕ್ಯಾನ್ವಾನಾ, ಕೋರೆಲ್‌ಡ್ರಾನಾ, ವರ್ಡ್ ಸಾಕಾ?

ಮೂಡಿಗೆರೆ ಹೋಂಸ್ಟೇಗೆ ಎ5 ಕರಪತ್ರ, ತೋಟದ ಫೋಟೊ ಅಂಚಿನವರೆಗೂ ಬರಬೇಕು, ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದರಲ್ಲಿ ಮಾಡಲಿ ಅಂತ ಕೇಳಿದ್ದೀರಿ. ಯಾವುದರಲ್ಲೇ ಮಾಡಿ, 148×210 ಮಿ.ಮೀ. ಹಾಳೆಗೆ ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿ ಫೋಟೊ 154×216 ಇರಲಿ. ಬ್ಲೀಡ್ ಇಲ್ಲದಿದ್ದರೆ ಕಟಿಂಗ್ ಮಷಿನ್ ಬ್ಲೇಡು ಕೂದಲೆಳೆಯಷ್ಟು ಸರಿದರೂ ಅಂಚಲ್ಲಿ ಬಿಳಿ ಗೆರೆ ಕಾಣುತ್ತೆ. ತಂಗಿಯ ಮದುವೆ ಕಾರ್ಡಿನಲ್ಲಿ ಹಾಗೇ ಆಗಿತ್ತು, ತಪ್ಪು ನನ್ನದೇ.

ಖರ್ಚು ನೋಡಿದರೆ ಕ್ಯಾನ್ವಾ ಹಗುರ. ಉಚಿತ ಖಾತೆಯಲ್ಲೇ ಬ್ಲೀಡ್, ಕ್ರಾಪ್ ಮಾರ್ಕ್ (ಎಲ್ಲಿ ಕತ್ತರಿಸಬೇಕೆಂಬ ಗುರುತು) ಇರುವ ಪಿಡಿಎಫ್ ಸಿಗುತ್ತೆ. ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಬೇಕೆಂದರೆ ಮಾತ್ರ ಕ್ಯಾನ್ವಾ ಪ್ರೊಗೆ ದುಡ್ಡು ಕಟ್ಟಬೇಕು. ಮಳೆ ನಿಂತ ಮೇಲಿನ ತೋಟದ ಹಸಿರು ಮೊಬೈಲಲ್ಲಿ ಹೊಳೆದಷ್ಟು ಕಾಗದದ ಮೇಲೆ ಹೊಳೆಯಲ್ಲ, ಅದಕ್ಕೇ ಮೊದಲು ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ ನೋಡಿ.

ಕೋರೆಲ್‌ಡ್ರಾ ದುಬಾರಿ, ಕಲಿಯಲೂ ಹೊತ್ತು ಬೇಕು. ಆದರೆ ಹಳೇ ನುಡಿ ಫಾಂಟಿನ ಮ್ಯಾಟರ್ ಇದ್ದರೆ ಅದೇ ವಾಸಿ. ಕ್ಯಾನ್ವಾಗೆ ಅದನ್ನು ಅಂಟಿಸಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಪ್ರೆಸ್ಸಿನವರೂ ಕೋರೆಲ್ ಬಳಸುತ್ತಿದ್ದರೆ ಕೊನೇ ಗಳಿಗೆಯಲ್ಲಿ ಫೋನ್ ನಂಬರ್ ತಿದ್ದೋದು ಎರಡು ನಿಮಿಷದ ಕೆಲಸ.

ವರ್ಡ್‌ನಲ್ಲಿ ಬ್ಲೀಡ್ ಆಯ್ಕೆಯೇ ಇಲ್ಲ. ಪುಟವನ್ನೇ 154×216 ಮಾಡಿ, ಅಕ್ಷರ ಅಂಚಿನಿಂದ 8 ಮಿ.ಮೀ. ಒಳಗಿಟ್ಟು, ಎಷ್ಟು ಕತ್ತರಿಸಬೇಕೆಂದು ಪ್ರೆಸ್ಸಿಗೆ ಬಾಯಲ್ಲೇ ಹೇಳಬೇಕು. ಫೋಟೊ ಬಿಟ್ಟು ಸುತ್ತ ಬಿಳಿ ಅಂಚಿನ ದರಪಟ್ಟಿ ಸಾಕೆಂದರೆ ಈ ತಲೆನೋವೇ ಇಲ್ಲ, ವರ್ಡ್ ಧಾರಾಳ.