ಬೆಕ್ಕಿನ ಮರಿಗೆ ನಾಯಿ ಔಷಧ ಹಾಕಿಸಬೇಡ್ರಿ, ಬೀದರ್‌ನವರು ದಯವಿಟ್ಟು ಓದ್ರಿ

ಬೀದರ್‌ನಾಗ ಬೆಕ್ಕು ಸಾಕಿದವರೆಲ್ಲ ಓದ್ರಿ. ಚಿಗಟಕ್ಕ ಅಂತ ಅಂಗಡಿಯವರು ಕೊಡೋ ಹನಿ ಔಷಧ ಆಗಲಿ ಪುಡಿ ಆಗಲಿ, ಮೇಲೆ ಏನ್ ಬರದದ ಅಂತ ನೋಡದೆ ಮರಿ ಮೈಗೆ ಮುಟ್ಟಿಸಬೇಡ್ರಿ. ನಮ್ಮ ಮರಿ ಸಾಯೋದರಾಗಿತ್ತು.

ಅದಕ್ಕ ಇನ್ನೂ ಎರಡು ತಿಂಗಳೂ ತುಂಬಿಲ್ಲ. ಹೊಟ್ಟೆ ಕೂದಲು ಸರಿಸಿದ್ರ ಕರೀ ಪುಡಿ. ಒದ್ದೆ ಹತ್ತಿಯಿಂದ ಒರೆಸಿದ್ರ ಅದೇ ಪುಡಿ ಕೆಂಪಗ ಹರಡ್ತಿತ್ತು, ಚಿಗಟ ಕುಡಿದ ರಕ್ತ ಅದು. ಸಾಕುಪ್ರಾಣಿ ಸಾಮಾನು ಮಾರೋ ಅಂಗಡಿಗೆ ಮರಿನೇ ಒಯ್ದೆ, ವಯಸ್ಸೂ ಹೇಳಿದೆ. ಆತ ಒಳಗಿಂದ ಒಂದು ಸಣ್ಣ ಟ್ಯೂಬ್ ತಂದ. ಡಬ್ಬಿ ಇಲ್ಲ.

"ಇದು ಬೆಕ್ಕಿಗೆ ನಡೀತದೇನ್ರಿ?"

"ನಾಯಿ, ಬೆಕ್ಕು ಎಲ್ಲಾಕ್ಕೂ ಇದೇ ಅಕ್ಕಾ. ಎಲ್ಲರೂ ಇದೇ ಒಯ್ತಾರ."

ಅಂದವನೇ ತನ್ನ ಕೈಯಿಂದ ಅದರ ಕುತ್ತಿಗಿ ಮ್ಯಾಲ ಪೂರ್ತಿ ಟ್ಯೂಬ್ ಹಿಂಡಿದ. ರೊಕ್ಕ ತಗೊಂಡ. ಬಿಲ್ ಕೇಳಿದ್ದಕ್ಕ "ಮಷೀನ್ ಕೆಟ್ಟದ" ಅಂದ.

ಮಧ್ಯಾಹ್ನಕ್ಕ ಮೊದಲು ಕಿವಿ ಅದುರಿದವು. ಆಮೇಲೆ ಕಾಲು. ಜೊಲ್ಲು ಸುರೀಲತ್ತು. ಎತ್ತಿಕೊಂಡ್ರ ಇಡೀ ಮೈ ನನ್ನ ಅಂಗೈಯಾಗ ನಡುಗ್ತಿತ್ತು. ಫೋನ್ ಮಾಡಿದ್ರ ಆತ ಏನಂದ ಗೊತ್ತೇನ್ರಿ? "ಔಷಧ ಕೆಲಸ ಮಾಡ್ಲತ್ತದ. ಚಿಗಟ ಸಾಯೋ ಹೊತ್ತಿನಾಗ ಹಂಗೇ ಆಗ್ತದ, ಮಲಗಿಸ್ರಿ." ನೆನೆಸಿಕೊಂಡ್ರ ಈಗಲೂ ಮೈ ಉರೀತದ. ಮಲಗಿಸ್ರಿ ಅಂತ! ಅವನ ಮಾತು ಕೇಳಿ ಮಲಗಿಸಿದ್ರ ಅದು ಮತ್ತ ಏಳ್ತಿರಲಿಲ್ಲ.

ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಿದ್ವಿ. ಡಾಕ್ಟರ್ ಖಾಲಿ ಟ್ಯೂಬ್ ತಿರುವಿ ಸಣ್ಣ ಅಕ್ಷರ ತೋರಿಸಿದ್ರು: ಪರ್ಮೆಥ್ರಿನ್, ಅಂದ್ರ ನಾಯಿಗೆ ಹಾಕೋ, ಚಿಗಟ ಕೊಲ್ಲೋ ಔಷಧ. ನಾಯಿಯ ಲಿವರ್ ಇದನ್ನ ಕರಗಿಸಿ ಹೊರಗ ಹಾಕ್ತದ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಭಾಳ ಕಡಿಮಿ, ವಿಷ ಮೈಯಾಗೇ ಉಳಿದು ನರಕ್ಕ ಹತ್ತತದ. ಪಾತ್ರೆ ತೊಳೆಯೋ ಸೋಪಿನಿಂದ ಮೈ ತೊಳೆದು, ನಡುಕಕ್ಕ ಇಂಜೆಕ್ಷನ್ ಕೊಟ್ಟು, ಸಲೈನ್ ಹಾಕಿದ್ರು. ಉಳೀತು.

ಆಮೇಲೆ ಅಂಗಡಿಗೆ ಹೋದೆ. ಮೊದಲು "ನೀವು ಮನ್ಯಾಗ ಮತ್ತೇನೋ ಹಚ್ಚೀರಿ" ಅಂದ. ಹಚ್ಚಿದವನು ಅವನೇ! ಆಮೇಲೆ "ಅದಕ್ಕ ಮೊದಲೇ ಫಿಟ್ಸ್ ಇತ್ತೇನೋ" ಅಂದ. ಅಷ್ಟಾದ ಮೇಲೆ, ಗಿರಾಕಿ ಮುಂದ, "ಒಂದು ಬೆಕ್ಕಿಗೆ ಇಷ್ಟ್ಯಾಕ ಅಕ್ಕಾ, ಬೇಕಾದ್ರ ಬ್ಯಾರೆ ಮರಿ ಕೊಡ್ತೀನಿ." ನಾನು ಅಲ್ಲೇ ಮಾತು ಬರದೆ ನಿಂತೆ. ಆ ಗಿರಾಕಿ ನಕ್ಕ.

ಮರಿಗೆ ಚಿಗಟ ಆದ್ರ ಉಗುರುಬೆಚ್ಚಗಿನ ನೀರು, ಒಂದಿಷ್ಟು ಪಾತ್ರೆ ಸೋಪು, ಸಣ್ಣ ಹಲ್ಲಿನ ಬಾಚಣಿಗೆ ಸಾಕು ಅಂತ ಡಾಕ್ಟರ್ ಹೇಳಿದ್ರು. ಕುತ್ತಿಗಿ ಸುತ್ತ ಮೊದಲು ನೊರೆ ಮಾಡ್ರಿ, ಇಲ್ಲಾಂದ್ರ ಚಿಗಟ ಮುಖಕ್ಕ ಓಡ್ತವ. ಮರಿಗೆ ಬೇಗ ಥಂಡಿ ಹತ್ತತದ, ಕೂಡಲೇ ಒರೆಸಿ ಬೆಚ್ಚಗ ಇಡ್ರಿ. ಹಾಸಿದ ಬಟ್ಟೆ ಕುದಿನೀರಿನಾಗ ಒಗೀರಿ, ಯಾಕಂದ್ರ ಒಂದು ಹೆಣ್ಣು ಚಿಗಟ ದಿನಕ್ಕ 40ರಿಂದ 50 ತತ್ತಿ ಇಡ್ತದ, ಅವೆಲ್ಲ ನೆಲಕ್ಕ, ಹಾಸಿಗಿಗೆ ಉದುರ್ತವ. ಒಸಡು ಬೆಳ್ಳಗಾಗಿದ್ರ ರಕ್ತ ಕಡಿಮಿ ಆಗ್ಯದ ಅಂತ ಅರ್ಥ, ತಡ ಮಾಡದೆ ಡಾಕ್ಟರಿಗೆ ತೋರಿಸ್ರಿ. ಮನ್ಯಾಗ ನಾಯಿಗೆ ಈ ಹನಿ ಹಾಕಿದ್ರೂ ಒಣಗೋ ತನಕ ಬೆಕ್ಕನ್ನ ದೂರ ಇಡ್ರಿ.

ಆ ಟ್ಯೂಬ್ ನನ್ನ ಹತ್ರ ಅದ. ಯಾರಾದ್ರೂ ಇಂಥದ್ದನ್ನ ಬೆಕ್ಕಿಗೆ ಹಾಕಿಸಿದ್ರ ಈಗಲೇ ತೊಳೆದು ಆಸ್ಪತ್ರೆಗೆ ಒಯ್ರಿ, ಅಂಗಡಿಯವನಿಗೆ ಫೋನ್ ಮಾಡ್ತಾ ಕೂಡಬೇಡ್ರಿ.