ಎಸ್.ಇ.5ಎ ಬಾಲ್ಸಾ ಕಿಟ್: ಪುಣೆಯ ಪುಟ್ಟ ಅಂಗಡಿಯಿಂದ ಒಂದು ಉತ್ತಮ ಬೈಪ್ಲೇನ್

ಮೊದಲ ಮಹಾಯುದ್ಧದ ಬೈಪ್ಲೇನ್‌ಗಳ, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಗಳಿದ್ದ ವಿಮಾನಗಳ, ಮಾದರಿಗಳು ನೋಡಲು ಚೆಂದ, ಹಾರಿಸಲು ಕಷ್ಟ ಎಂಬ ಮಾತು ರೇಡಿಯೊ ನಿಯಂತ್ರಿತ ವಿಮಾನಗಳ ಹವ್ಯಾಸಿಗಳಲ್ಲಿ ರೂಢಿಯಲ್ಲಿದೆ. ಪುಣೆಯ ಸದಾಶಿವ ಪೇಠೆಯಲ್ಲಿ ಲೇಸರ್ ಯಂತ್ರ ಇಟ್ಟುಕೊಂಡು ಬಾಲ್ಸಾ ಎಂಬ ಹಗುರ ಮರದ ಕಿಟ್‌ಗಳನ್ನು ಕತ್ತರಿಸಿಕೊಡುವ ಪುಟ್ಟ ಅಂಗಡಿಯೊಂದರ ಎಸ್.ಇ.5ಎ ಎಂಬ ಬ್ರಿಟಿಷ್ ಯುದ್ಧವಿಮಾನದ ಕಿಟ್ ವಿಷಯದಲ್ಲಿ ಈ ಮಾತಿನ ಮೊದಲರ್ಧ ಮಾತ್ರ ನಿಜ. ಇದು ಮೂಲ ವಿಮಾನದ ಎಂಟರಲ್ಲಿ ಒಂದರಷ್ಟು ಅಳತೆಯದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 101 ಸೆಂಟಿಮೀಟರ್. ಮೋಟಾರ್, ರೆಕ್ಕೆ-ಬಾಲಗಳ ಫಲಕಗಳನ್ನು ಆಡಿಸುವ ಸರ್ವೊ, ಬ್ಯಾಟರಿ, ರಿಸೀವರ್‌ಗಳನ್ನು ಬೇರೆಯಾಗಿ ಕೊಳ್ಳಬೇಕು.

ಈ ವಿಮಾನವನ್ನೇ ಆರಿಸಿಕೊಂಡದ್ದರಲ್ಲಿ ಅಂಗಡಿಯವರ ತಿಳಿವಳಿಕೆ ಕಾಣುತ್ತದೆ. ಆ ಕಾಲದ ಬ್ರಿಟಿಷ್ ಯುದ್ಧವಿಮಾನಗಳಲ್ಲಿ ಜನ ಮೊದಲು ನೆನೆಯುವುದು ಸಾಪ್‌ವಿತ್ ಕ್ಯಾಮೆಲ್ ಅನ್ನು. ಆದರೆ ಕ್ಯಾಮೆಲ್‌ನ ಮೂಗು ಗಿಡ್ಡ; ಅದರ ಮಾದರಿ ಮಾಡಿದವರು ಗುರುತ್ವ ಕೇಂದ್ರವನ್ನು ಸರಿದೂಗಿಸಲು ಮುಂಭಾಗಕ್ಕೆ ಸೀಸ ತುಂಬುತ್ತಲೇ ಇರಬೇಕಾಗುತ್ತದೆ. ಇಂಗ್ಲೆಂಡಿನ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ವಿನ್ಯಾಸಗೊಂಡು 1916ರ ನವೆಂಬರ್‌ನಲ್ಲಿ ಮೊದಲು ಹಾರಿದ ಎಸ್.ಇ.5ಕ್ಕೆ ನೀರಿನಿಂದ ತಂಪಾಗುವ ಎಂಟು ಸಿಲಿಂಡರಿನ ಹಿಸ್ಪಾನೊ-ಸೂಜಾ ಎಂಜಿನ್ ಇತ್ತು. ಅದೇ ಎಂಜಿನ್ನಿನ ಹೆಚ್ಚು ಶಕ್ತಿಯ ರೂಪ ಬಂದಾಗ ವಿಮಾನ 5ಎ ಆಯಿತು. ಆ ಉದ್ದನೆಯ ಎಂಜಿನ್ನಿಗಾಗಿ ಮೂಗೂ ಉದ್ದವಾಯಿತು, ಮಾದರಿಯಲ್ಲಿ ಬ್ಯಾಟರಿ ಹೋಗಿ ಕೂರುವುದು ಸರಿಯಾಗಿ ಅದೇ ಜಾಗದಲ್ಲಿ. ಹೀಗಾಗಿ ಒಂದು ಗ್ರಾಂ ಸೀಸವೂ ಬೇಕಾಗುವುದಿಲ್ಲ. ಇದರ ಜೊತೆಗೆ ಮೇಲಿನ ಮತ್ತು ಕೆಳಗಿನ ರೆಕ್ಕೆಗಳೆರಡೂ ತುದಿಯತ್ತ ಎದ್ದು ಕಾಣುವಷ್ಟು ಮೇಲೇರಿರುವುದರಿಂದ, ಗಾಳಿಯಲ್ಲಿ ಪಕ್ಕಕ್ಕೆ ವಾಲಿದ ವಿಮಾನ ತಾನಾಗಿಯೇ ಸಮಸ್ಥಿತಿಗೆ ಮರಳಲು ನೋಡುತ್ತದೆ.

ಬೈಪ್ಲೇನ್ ಕಿಟ್‌ನ ಯೋಗ್ಯತೆಯನ್ನು ನಾನು ಅಳೆಯುವುದು ಒಡಲಿನಿಂದ ಎದ್ದು ಮೇಲಿನ ರೆಕ್ಕೆಯನ್ನು ಹೊರುವ ನಡುವಿನ ನಾಲ್ಕು ಸ್ಟ್ರಟ್‌ಗಳಿಂದ. ಅವು ಕೂದಲೆಳೆಯಷ್ಟು ಓರೆಯಾದರೂ ಎರಡು ರೆಕ್ಕೆಗಳ ಕೋನ ಬೇರೆಬೇರೆಯಾಗಿ, ಎಷ್ಟು ಟ್ರಿಮ್ ಮಾಡಿದರೂ (ನಿಯಂತ್ರಣ ಫಲಕಗಳನ್ನು ತುಸು ಸರಿಹೊಂದಿಸಿದರೂ) ವಿಮಾನ ನೇರ ಹಾರುವುದಿಲ್ಲ. ಅನೇಕ ಕಿಟ್‌ಗಳಲ್ಲಿ ಒಂದಿಷ್ಟು ತಂತಿ ಕೊಟ್ಟು, ನಕ್ಷೆ ನೋಡಿ ಬಗ್ಗಿಸಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತಾರೆ. ಈ ಕಿಟ್‌ನಲ್ಲಿ ಅಂಟು ಒಣಗುವವರೆಗೆ ಸ್ಟ್ರಟ್‌ಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡಲು ಮೂರು ಮಿಲಿಮೀಟರ್ ಪ್ಲೈವುಡ್‌ನ ಎರಡು ಜಿಗ್ ಹಲಗೆಗಳಿವೆ. ಅವು ಒಡಲಿನ ಎರಡೂ ಪಕ್ಕಕ್ಕೆ ಕಚ್ಚಿಕೊಂಡು ನಿಲ್ಲುತ್ತವೆ. ಸ್ಟ್ರಟ್‌ಗಳನ್ನು ಅವುಗಳ ಕಚ್ಚುಗಳೊಳಗೆ ಕೂರಿಸಿ, ಮೇಲಿನ ರೆಕ್ಕೆಯ ನಡುಭಾಗವನ್ನು ಅದರ ಮೇಲಿಟ್ಟು ನೋಡಿದರೆ ಎಲ್ಲಿಯೂ ಅಲುಗಾಟವಿಲ್ಲ. ಅಂಗಡಿಯ ಯಜಮಾನರು ಬೆಳಗಾವಿ ಕಡೆಯವರು. ಕಿಟ್ ಕೈಗೆ ಕೊಡುವಾಗ, "ಜಿಗ್ ತಗೀಬ್ಯಾಡ್ರಿ ಸರ, ಎಪಾಕ್ಸಿ ಪೂರಾ ಒಣಗೂತನಕ ಹಂಗ ಬಿಡ್ರಿ" ಎಂದು ಒತ್ತಿ ಹೇಳಿದರು. ಕೊಳ್ಳುವವರು ಈ ಮಾತನ್ನು ಅಕ್ಷರಶಃ ಪಾಲಿಸಬೇಕು.

ಬಂದೂಕುಗಳಲ್ಲಿಯೂ ಅಷ್ಟೇ ಶ್ರದ್ಧೆಯಿದೆ. ಮೂಲ ವಿಮಾನದಲ್ಲಿ ಒಂದು ವಿಕರ್ಸ್ ಬಂದೂಕು ಒಡಲಿನ ಎಡಭಾಗದಲ್ಲಿದ್ದು, ತಿರುಗುವ ಪ್ರೊಪೆಲ್ಲರ್‌ನ ಅಲಗುಗಳ ನಡುವಿನಿಂದ ಗುಂಡು ಹಾರಿಸುತ್ತಿತ್ತು. ಇನ್ನೊಂದು ಲೂಯಿಸ್ ಬಂದೂಕು ಮೇಲಿನ ರೆಕ್ಕೆಯ ಮೇಲೆ, ಫಾಸ್ಟರ್ ಕಂಬಿ ಎಂಬ ಬಾಗಿದ ಹಳಿಯ ತುದಿಯಲ್ಲಿತ್ತು. ಮದ್ದಿನ ಡ್ರಮ್ ಬದಲಿಸಲು ಪೈಲಟ್ ಅದನ್ನು ಆ ಹಳಿಯ ಮೇಲೆ ತನ್ನತ್ತ ಎಳೆದುಕೊಳ್ಳುತ್ತಿದ್ದ. ಕಿಟ್‌ನಲ್ಲಿ ಈ ಹಳಿಯನ್ನು ತೆಳು ಪ್ಲೈವುಡ್‌ನ ಪದರಗಳನ್ನು ಅಂಟಿಸಿ ಮಾಡಬೇಕು, ಬಂದೂಕು ಅದರ ಮೇಲೆ ನಿಜವಾಗಿಯೂ ಜಾರುತ್ತದೆ. ಹಾರಾಟಕ್ಕೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೂ ಇಂಥ ಕೆಲಸ ಕಂಡಾಗ ಮಾಡಿದವರ ಮೇಲೆ ಗೌರವ ಹುಟ್ಟುತ್ತದೆ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಎಸ್.ಇ.5ಎಯ ಚಪ್ಪಟೆ ಮುಖವೆಂದರೆ ಅದರ ರೇಡಿಯೇಟರ್. ಕಿಟ್‌ನಲ್ಲಿ ಅದರ ಪಟ್ಟಿಗಳನ್ನು ಗೀಚಿದ್ದಾರೆಯೇ ಹೊರತು ತೂತು ಕೊರೆದಿಲ್ಲ. ಗಾಳಿ ಒಳನುಗ್ಗಲು ದಾರಿಯಿಲ್ಲದೆ ಏಪ್ರಿಲ್-ಮೇ ತಿಂಗಳ ಪುಣೆಯ ಬಿಸಿಲಿನಲ್ಲಿ ಮೋಟಾರ್ ಮತ್ತು ಬ್ಯಾಟರಿ ಎರಡೂ ಕಾಯುತ್ತವೆ. ಪಟ್ಟಿಗಳ ನಡುವಿನ ಭಾಗವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಒಡಲಿನ ಕೆಳಗೆ ಅದಕ್ಕಿಂತ ದೊಡ್ಡದಾದ ಗಾಳಿಕಂಡಿ ಬಿಡುವುದು ಅನಿವಾರ್ಯ. ಚಕ್ರಗಳ ತಂತಿ ಮೆತ್ತಗಿದೆ; ಸ್ವಲ್ಪ ಜೋರಾಗಿ ಇಳಿದರೆ ಕಾಲುಗಳು ಅಗಲವಾಗಿ ಚಾಚಿಕೊಳ್ಳುತ್ತವೆ, ಆದ್ದರಿಂದ ಗಟ್ಟಿ ಉಕ್ಕಿನ ಪಿಯಾನೊ ತಂತಿಯನ್ನೇ ಕೊಂಡು ಹಾಕಿಕೊಳ್ಳಬೇಕು. ಹೊದಿಕೆಗೆ ಕೊಡುವ ಹೊಳೆಯುವ ಫಿಲ್ಮ್ ಕೂಡ ನನಗೆ ಹಿಡಿಸಲಿಲ್ಲ. ಮೇಲ್ಭಾಗಕ್ಕೆ ಹಸಿರು ಬೆರೆತ ಖಾಕಿ ಕಂದು, ಕೆಳಭಾಗಕ್ಕೆ ಲಿನನ್ ಬಟ್ಟೆಯ ಬಣ್ಣವಿದ್ದ ಯುದ್ಧಕಾಲದ ವಿಮಾನಕ್ಕೆ ಹೊಳಪಿಲ್ಲದ ಬಟ್ಟೆಯ ಹೊದಿಕೆಯೇ ತಕ್ಕದ್ದು.

ಪುಣೆಯ ಹತ್ತಿರದ ಸಾಸವಡದ ಕಡೆಯ ಬಯಲಿನಲ್ಲಿ, ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತಿನಲ್ಲಿ, ಮೂರು ಸೆಲ್‌ನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಮತ್ತು 11 ಇಂಚಿನ ಪ್ರೊಪೆಲ್ಲರ್‌ನೊಂದಿಗೆ ಇದು ಅರ್ಧ ಥ್ರಾಟಲ್‌ನಲ್ಲಿಯೇ ನಿರಾಯಾಸವಾಗಿ ಹಾರುತ್ತದೆ. ತಿರುಗುವಾಗ ಐಲರಾನ್ (ರೆಕ್ಕೆಯ ಹಿಂಬದಿಯ ಆಡುವ ಫಲಕ) ಒಂದನ್ನೇ ನಂಬಬಾರದು. ಕೆಳಗಿಳಿದ ಐಲರಾನ್ ಆ ಪಕ್ಕದ ರೆಕ್ಕೆಯನ್ನು ಹಿಂದಕ್ಕೆ ಎಳೆಯುವುದರಿಂದ ಮೂಗು ತಿರುವಿನ ಹೊರಗಡೆಗೆ ಹೊರಳುತ್ತದೆ. ಜೊತೆಗೇ ರಡ್ಡರ್ (ಬಾಲದ ನಿಂತ ಫಲಕ) ಕೊಟ್ಟರೆ ತಿರುವು ದುಂಡಗೆ ಬರುತ್ತದೆ. ಇಳಿಸುವಾಗ ಥ್ರಾಟಲ್ ಪೂರ್ತಿ ಮುಚ್ಚಕೂಡದು. ಎರಡು ರೆಕ್ಕೆ, ಇಷ್ಟೊಂದು ಸ್ಟ್ರಟ್ ಮತ್ತು ತಂತಿಗಳಿಗೆ ಗಾಳಿಯ ತಡೆ ಹೆಚ್ಚು. ಶಕ್ತಿ ನಿಂತ ಕ್ಷಣವೇ ವೇಗ ಬಿದ್ದುಹೋಗುತ್ತದೆ. ಚಕ್ರ ನೆಲ ಮುಟ್ಟುವವರೆಗೂ ಸ್ವಲ್ಪ ಥ್ರಾಟಲ್ ಉಳಿಸಿಕೊಂಡು, ಮುಟ್ಟಿದ ಮೇಲೆ ಎಲಿವೇಟರ್ (ಬಾಲದ ಅಡ್ಡ ಫಲಕ) ಕಡ್ಡಿಯನ್ನು ಹಿಂದಕ್ಕೆ ಹಿಡಿದಿದ್ದರೆ ಮೂಗು ಮಣ್ಣಿಗೆ ತಾಗುವುದಿಲ್ಲ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣವು ವಾಯುಪಡೆಯ ನೆಲೆಯೂ ಆಗಿರುವುದರಿಂದ, ಎಲ್ಲಿ ಹಾರಿಸುವುದಾದರೂ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ವಾಯುಪ್ರದೇಶ ನಕ್ಷೆಯಲ್ಲಿ ಆ ಜಾಗಕ್ಕೆ ಅನುಮತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದಿದೆ. ಕಿಟ್‌ನ ಸ್ಟಿಕರ್ ಹಾಳೆಯಲ್ಲಿ ಇರುವುದು ಬ್ರಿಟಿಷ್ ವಾಯುಪಡೆಯ 56ನೇ ಸ್ಕ್ವಾಡ್ರನ್ನಿನ ಗುರುತುಗಳು ಮಾತ್ರ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಇದೇ ಎಸ್.ಇ.5ಎಯಲ್ಲಿ, 40ನೇ ಸ್ಕ್ವಾಡ್ರನ್ನಿನ ಪೈಲಟ್ ಆಗಿ, 1918ರ ಜುಲೈ ತಿಂಗಳ ಎರಡು ವಾರದೊಳಗೆ ವೈಮಾನಿಕ ಕಾಳಗದಲ್ಲಿ 10 ಗೆಲುವುಗಳನ್ನು ಪಡೆದು, ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲಿ ಹೋರಾಡುತ್ತ ಮಡಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರಣೋತ್ತರವಾಗಿ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ಸಂದಿತು. ಭಾರತದಲ್ಲಿ ತಯಾರಾಗುವ ಈ ಕಿಟ್‌ನೊಂದಿಗೆ ಅವರ ಸ್ಕ್ವಾಡ್ರನ್ನಿನ ಗುರುತುಗಳು ಬರಲೇಬೇಕು. ಕೇಳಿದಾಗ ಯಜಮಾನರು ಒಪ್ಪಿದ್ದಾರೆ, ಮುಂದಿನ ಕಂತಿನಲ್ಲಿ ಸೇರಿಸುವುದಾಗಿಯೂ ಹೇಳಿದ್ದಾರೆ.

ಹೊಸದಾಗಿ ಹಾರಿಸಲು ಕಲಿಯುವವರು ಇದನ್ನು ಕೊಳ್ಳುವುದು ಬೇಡ. ಒಂದು ಹೈ-ವಿಂಗ್ ಟ್ರೇನರ್ (ಒಡಲಿನ ಮೇಲೆ ರೆಕ್ಕೆಯಿರುವ ಕಲಿಕೆಯ ವಿಮಾನ) ಮತ್ತು ಐಲರಾನ್ ಇರುವ ಇನ್ನೊಂದು ವಿಮಾನದಲ್ಲಿ ಕೈ ಪಳಗಿದವರು, ಕಿಟ್ ಕೊಳ್ಳುವಾಗಲೇ ಸ್ಟ್ರಟ್ ತಂತಿಗಳ ಇನ್ನೊಂದು ಜೊತೆಯನ್ನೂ ಕೇಳಿ ಪಡೆಯಲಿ, ಅವರು ಬಿಡಿಯಾಗಿಯೂ ಕೊಡುತ್ತಾರೆ. ಮಳೆಗಾಲದ ತೇವಕ್ಕೆ ಬರಿಯ ಬಾಲ್ಸಾ ಸೊಟ್ಟಗಾಗುತ್ತದೆ. ಜೂನ್ ಹಿಡಿಯುವುದರೊಳಗೆ ರೆಕ್ಕೆಗಳಿಗೆ ಹೊದಿಕೆ ಹಾಕಿ ಮುಗಿಸಬೇಕು.