ಅಡುಗೆಮನೆಯ ಡಿಜಿಟಲ್ ತಕ್ಕಡಿ: ತೂಕ ಇಳಿಸುವವರಿಗೆ ನಿಜಕ್ಕೂ ಬೇಕೇ?

ಬೇಕು, ಮುಖ್ಯವಾಗಿ ಎಣ್ಣೆಗಾಗಿ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಒಗ್ಗರಣೆಗೆ ಕಣ್ಣಂದಾಜಿನಲ್ಲಿ ಸುರಿದಾಗ ಒಂದು ದೊಡ್ಡ ಚಮಚ, ಅಂದರೆ ಸುಮಾರು 13 ಗ್ರಾಂ, ಹೆಚ್ಚಾದರೆ ಅರ್ಧ ಗಂಟೆಯ ಬಿರುಸು ನಡಿಗೆ ಹೆಚ್ಚುಕಡಿಮೆ ಅಲ್ಲಿಗೇ ಸರಿಹೋಗುತ್ತದೆ.

5 ಕೆಜಿ ತಾಳುವ, 1 ಗ್ರಾಂವರೆಗೆ ತೋರಿಸುವ, ‘ಟೇರ್’ ಗುಂಡಿ (ಮೇಲಿಟ್ಟ ಪಾತ್ರೆಯ ತೂಕ ಕಳೆದು ಅಂಕಿಯನ್ನು ಸೊನ್ನೆಗೆ ತರುವುದು) ಇರುವ ಸಾದಾ ತಕ್ಕಡಿ ಸಾಕು. ಬ್ಲೂಟೂತ್, ಆ್ಯಪ್‌ಗೆ ದುಡ್ಡು ಸುರಿಯಬೇಡಿ.

ಇವುಗಳ ದೊಡ್ಡ ದೋಷ ಒಂದಿದೆ: ಎರಡು-ಮೂರು ಗ್ರಾಂನಂತೆ ನಿಧಾನವಾಗಿ ಸುರಿದರೆ ಹಲವು ತಕ್ಕಡಿಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೊನ್ನೆಯಲ್ಲೇ ನಿಂತಿರುತ್ತವೆ. ಅದಕ್ಕೆ ಎಣ್ಣೆಯ ಬಾಟಲಿಯನ್ನೇ ಮೇಲಿಟ್ಟು ಟೇರ್ ಒತ್ತಿ. ಬಾಣಲೆಗೆ ಸುರಿದು ಬಾಟಲಿ ವಾಪಸ್ ಇಟ್ಟಾಗ -10 ಎಂದರೆ, ಹೋದದ್ದು 10 ಗ್ರಾಂ. ಪಾತ್ರೆ ತೊಳೆಯುವ ಕೆಲಸವೂ ಇಲ್ಲ. ತುಪ್ಪದ ಡಬ್ಬಿಗೂ ಇದೇ ಉಪಾಯ.

ಅಕ್ಕಿ, ರಾಗಿಹಿಟ್ಟನ್ನು ಬೇಯಿಸುವ ಮೊದಲೇ ತೂಗಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ; ನೀರು ಕುಡಿದು ಅನ್ನವಾದಾಗ ತೂಕ ಎರಡೂವರೆ-ಮೂರು ಪಟ್ಟು. ಅನ್ನ ತೂಗಿ ಅಕ್ಕಿಯ ಲೆಕ್ಕ ಹಾಕಿದರೆ ಎಲ್ಲವೂ ತಲೆಕೆಳಗು. ಮುದ್ದೆಗೂ ಹಾಗೆಯೇ.

ಸರಿ ತೂಗುತ್ತಿದೆಯೇ ಎಂದು ನೋಡಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ: 515 ಗ್ರಾಂ ಆಸುಪಾಸು ಬರಬೇಕು. ಬಹಳ ವ್ಯತ್ಯಾಸವಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಕಟ್ಟೆ ಸಮವಾಗಿದೆಯೇ ನೋಡಿ. ಬಿಸಿ ಪಾತ್ರೆಯನ್ನಂತೂ ನೇರವಾಗಿ ಇಡಲೇಬೇಡಿ.